ಇನ್ನೊಂದು ಮಣೆ

ನದಿ ದಂಡೆಯ ಆಶ್ರಮವೊಂದರಲ್ಲಿ ಸುಭದ್ರಮ್ಮ ಎಂಬ ಗುರುಗಳಿದ್ದರು. ಔಷಧಿಗೂ ಬಗ್ಗದ ಹಳೇ ನೋವಿನವರು ದೂರದೂರಿಂದ ಅವರಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ಮಾತಾಡಿ, ಆ ಮನಸ್ಸುಗಳಿಗೆ ಧೈರ್ಯ ತುಂಬುವುದು ಗುರುಗಳ ಕೆಲಸ.

ಅದನ್ನು ಕಲಿಯಲು ವಾಮನ ಎಂಬ ಶಿಷ್ಯ ಬಂದಿದ್ದ. ಊಟದ ಹೊತ್ತಿಗೆ ಗುರುಗಳು ಅವನ ಪಕ್ಕ ಇನ್ನೊಂದು ಮಣೆ ಹಾಕಿ ಎಲೆ ಇಡುತ್ತಿದ್ದರು.

"ಯಾರಾದರೂ ಬರ್ತಾರಾ ಅಮ್ಮಾ?"

"ನೀನು ಉಣ್ಣು," ಅನ್ನುತ್ತಿದ್ದರು.

ಒಂದು ದಿನ ಫೋನನ್ನು ಅವನ ಕೈಗೇ ಕೊಟ್ಟರು. ಪರದೆಯಲ್ಲಿ ನೀಲವ್ವ, ಮಗ್ಗದಲ್ಲಿ ಕೂತು ಸೊಂಟ ಕೆಡಿಸಿಕೊಂಡವಳು. ಮಕ್ಕಳ ಜೊತೆ ಕೂತು ಉಂಡು ವರ್ಷಗಳೇ ಆಗಿದ್ದವು.

"ಡಾಕ್ಟ್ರು ಕುಂದ್ರಬೌದು ಅಂದಾರ. ಕುಂತ್ರ ಬ್ಯಾನಿ ಹೆಚ್ಚಾಕ್ಕೈತಿ ಅಂತ ನನಗ ಅಂಜಿಕಿ ರೀ. ನಿಂತ ಉಣ್ತೀನಿ."

ವಾಮನನಿಗೆ ಹುಮ್ಮಸ್ಸು ತಡೆಯಲಿಲ್ಲ.

"ನೋವನ್ನ ಮನಸ್ಸಿಂದ ಆಚೆ ಅಟ್ಟಿಬಿಡಿ ಅಕ್ಕಾ. ನಾನೂ ಹಾಗೇ ಮಾಡಿದ್ದು. ಈಗ ನನಗೆ ಯಾವ ನೋವೂ ಇಲ್ಲ."

ಅದು ಶುದ್ಧ ಸುಳ್ಳು. ಮಂಡಿ ನೋವು ಗೊತ್ತಾದರೆ ಗುರುಗಳು ಮನೆಗೆ ಕಳಿಸಿಬಿಡುತ್ತಾರೆಂದು ಹಲ್ಲು ಕಚ್ಚಿ ಮುಚ್ಚಿಟ್ಟಿದ್ದ.

ನೀಲವ್ವ ಪರದೆಯ ಹತ್ತಿರ ಬಂದಳು.

"ಹಂಗಾರ ನಿಮ್ಮ ಹಿಂದ ಮೊಣಕಾಲ ಹಿಡಕೊಂಡು ಕುಂತವ್ರು ಯಾರ್ರೀ?"

ವಾಮನ ತಿರುಗಿ ನೋಡಿದ. ಬರೀ ಗೋಡೆ.

"ಯಾರೂ ಇಲ್ಲ."

"ಥೇಟ್ ನಿಮ್ಮಂಗ ಅದಾರ. ಇದ್ದವ್ರನ್ನ ಇಲ್ಲ ಅಂತೀರಿ, ನಾ ನಿಮ್ಮನ್ನ ಹ್ಯಾಂಗ ನಂಬ್ಲಿ?"

ಫೋನ್ ಕಟ್ಟಾಯಿತು.

ವಾಮನ ಇನ್ನೊಮ್ಮೆ ಗೋಡೆಯತ್ತ ನೋಡಿದ. ಎದ್ದು ಅಡುಗೆಮನೆಗೆ ಓಡಿದ. ಗುರುಗಳು ಆ ಇನ್ನೊಂದು ಎಲೆಗೆ ಅನ್ನ ಬಡಿಸುತ್ತಿದ್ದರು.

"ಅಮ್ಮಾ, ಅದು ಯಾರಿಗೆ?"

"ನಿನ್ನ ಜೊತೆ ಬಂತಲ್ಲ, ಅದಕ್ಕೆ. ನೀನು ಬಾಗಿಲು ದಾಟುವಾಗಲೇ ನೋಡಿದೆ. ಪಾಪ, ಕುಂಟ್ತಾ ಬಂತು."

ವಾಮನನಿಗೆ ಅಳು ಬಂತು. ತಾನೇ ನೀಲವ್ವನಿಗೆ ಫೋನ್ ಮಾಡಿದ.

"ಅಕ್ಕಾ, ನಾನು ಹೇಳಿದ್ದು ಸುಳ್ಳು. ನನ್ನ ಮಂಡಿ ನೋಯುತ್ತೆ. ಈಗಲೂ ನೋಯ್ತಿದೆ. ಅದು ಇಲ್ಲೇ ಇದೆ."

ಆ ಕಡೆ ಮಕ್ಕಳು ಉಣ್ಣಲು ಕೂತಿದ್ದರು. ನೀಲವ್ವ ತಟ್ಟೆ ಹಿಡಿದು ಗೋಡೆಗೆ ಒರಗಿದ್ದಳು. ಗೋಡೆಯ ಮೇಲೆ ಅವಳ ನೆರಳಿನ ಪಕ್ಕ ಇನ್ನೊಂದು ನೆರಳಿತ್ತು, ಸೊಂಟಕ್ಕೆ ಕೈ ಕೊಟ್ಟುಕೊಂಡು.

"ನಂದೂ ಕಾಣ್ತೈತೇನ್ರೀ?" ಮೆಲ್ಲಗೆ ಕೇಳಿದಳು.

"ಕಾಣ್ತಿದೆ ಅಕ್ಕಾ."

ಗುರುಗಳು ಫೋನ್ ಈಸಿಕೊಂಡರು.

"ನೀಲವ್ವಾ, ನಿನ್ನ ಸಂಗಡ ನಿಂತೂ ನಿಂತೂ ಅದಕ್ಕೂ ಸಾಕಾಗಿದೆ. ಎರಡು ಮಣೆ ಹಾಕು. ನೀವಿಬ್ಬರೂ ಕೂತ ಮೇಲೇ ನಾವಿಲ್ಲಿ ಉಣ್ಣೋದು."