ನೆನೆಯಕ್ಕಿ ಗುಡ್ಡ

ಭಾನುವಾರ ಬಂತೆಂದರೆ ನೆನೆಯಕ್ಕಿ ಗುಡ್ಡದ ಬುಡದಲ್ಲಿ ಕಾರು, ಬೈಕುಗಳು ಸಾಲಾಗಿ ನಿಲ್ಲುತ್ತವೆ. ಬೆನ್ನಿಗೆ ಚೀಲ, ಕಾಲಿಗೆ ದಪ್ಪ ಬೂಟು ಏರಿಸಿದ ಚಾರಣಿಗರು ಕರಿಕಲ್ಲುಗಳ ನಡುವೆ ಏದುಸಿರು ಬಿಡುತ್ತ ಹತ್ತುತ್ತಾರೆ. ನೆತ್ತಿಯಲ್ಲಿ ದೊಡ್ಡ ಬೋಗುಣಿಯಂಥ ತಗ್ಗು ಇದೆ. ಯಾವುದೋ ಯುಗದಲ್ಲಿ ಬೆಂಕಿ ಉಗುಳಿ ಆರಿದ ಬಾಯಿ ಅದು. ಚಳಿಯ ಬೆಳಗಿನಲ್ಲಿ ಅಲ್ಲಿನ ಬಿರುಕುಗಳಿಂದ ಇಂದಿಗೂ ಹಬೆಯಾಡುತ್ತದೆ.

ಹಿಂದೆ ಒಮ್ಮೆ, ಗುಡ್ಡಕ್ಕೆ ಇನ್ನೂ ಹೆಸರಿಲ್ಲದ ಕಾಲದಲ್ಲಿ, ಬುಡದ ಊರಿನ ಗೌಡತಿ ನೀಲಗಂಗವ್ವ ಮಗಳಿಗೆ ಒಳ್ಳೆಯ ಸಂಬಂಧವೊಂದನ್ನು ಹುಡುಕಿದ್ದಳು. ಆದರೆ ಗಂಡಿನ ತಾಯಿ ತುಂಗವ್ವ ಹೂಂ ಎನ್ನಳು, ಊಹೂಂ ಎನ್ನಳು. ಆ ಸೀಮೆಯಲ್ಲಿ ಹೆಣ್ಣಿನ ಕಡೆಯವರ ಬೆಲ್ಲ ಬಾಯಿಗೆ ಹಾಕಿದರೆ ಮಾತು ಕೊಟ್ಟಂತೆ. ತುಂಗವ್ವ ಬಂದಾಗಲೆಲ್ಲ ಬರೀ ನೀರು ಕುಡಿದು ಎದ್ದುಹೋಗುತ್ತಿದ್ದಳು. ಕೊನೆಗೊಮ್ಮೆ ನೀಲಗಂಗವ್ವ ಜಂಬ ತಡೆಯಲಾರದೆ, ತಮ್ಮ ಗುಡ್ಡದ ಹಬೆಯಲ್ಲಿ ಒಲೆಯಿಲ್ಲದೆ ಅನ್ನ ಬೇಯುತ್ತದೆ ಎಂದುಬಿಟ್ಟಳು. "ಬೇಯಿಸಿ ತೋರಸವ್ವಾ, ನಿನ್ನ ಮಗಳು ನನ್ನ ಸೊಸಿ," ಎಂದಳು ತುಂಗವ್ವ.

ಮರುದಿನವೇ ಎರಡೂ ಮನೆಯವರು ಗುಡ್ಡದ ನೆತ್ತಿಗೆ ವನಭೋಜನಕ್ಕೆ ಹೊರಟರು. ಕೆಂಡ ಒಯ್ಯಕೂಡದು, ರೊಟ್ಟಿ ಕಟ್ಟಿಕೊಳ್ಳಕೂಡದು, ಅದು ಗುಡ್ಡಕ್ಕೆ ಅವಮಾನ ಎಂದು ಗೌಡತಿಯ ಕಟ್ಟಪ್ಪಣೆ. ಅಕ್ಕಿ, ಪಾಯಸಕ್ಕೆಂದು ಬೆಲ್ಲ, ಅಷ್ಟೇ ಸಾಮಾನು. ಬಿರುಕಿನ ಮೇಲೆ ಅಕ್ಕಿ, ನೀರು ತುಂಬಿದ ಗಡಿಗೆ ಕೂತಿತು. ಬಿಸಿಲೇರಿತು, ಹಬೆ ಅಡಗಿತು, ಗಡಿಗೆ ಮಾತ್ರ ತಣ್ಣಗೇ ಇತ್ತು. ನೀಲಗಂಗವ್ವ ಸೆರಗು ಸರಿಪಡಿಸಿಕೊಂಡು, "ಇನ್ನೊಂದು ಕುದಿ ಬಂದ್ರ ಆತ್ರೀ ಯಕ್ಕಾ," ಎಂದಳು.

"ಮೊದಲನೇ ಕುದಿ ಯಾವಾಗ ಬಂತವ್ವಾ?"

ಹೊತ್ತು ಇಳಿಯಿತು. ಹಸಿವಿನಿಂದ ಕಣ್ಣು ಕತ್ತಲಿಟ್ಟು, ತುಂಗವ್ವ ಗಡಿಗೆಗೇ ಕೈಹಾಕಿದಳು. ನೆನೆದು ಮೆತ್ತಗಾದ ಅಕ್ಕಿಯನ್ನು ಹಿಡಿ ತುಂಬ ತೆಗೆದು, ಬೆಲ್ಲದ ಅಚ್ಚು ಮುರಿದು, ಬಾಯಿಗೆ ತುಂಬಿಕೊಂಡು ಅಗಿಯುತ್ತಲೇ ಗುಡುಗಿದಳು: "ಬೇಯಲಿಲ್ಲಲ್ಲ ನಿನ್ನ ಅನ್ನ! ಸಂಬಂಧ ಮುರೀತು!"

ತಲೆ ತಗ್ಗಿಸಿ ಕೂತಿದ್ದ ನೀಲಗಂಗವ್ವ ಮೆಲ್ಲಗೆ ಕತ್ತೆತ್ತಿ ಆ ಬಾಯಿಯನ್ನೇ ನೋಡಿದಳು.

"ಅನ್ನ ಹೋಗ್ಲಿ ಬಿಡ್ರಿ ಬೀಗತಿ, ಬೆಲ್ಲ ಹೆಂಗೈತ್ರಿ?"

ತುಂಗವ್ವನ ದವಡೆ ನಿಂತಿತು. ಉಗುಳೋಣವೆಂದರೆ ಹಸಿವು ಬಿಡಲೊಲ್ಲದು. ನುಂಗಿದಳು, ಇನ್ನೊಂದು ಹಿಡಿಗೆ ಕೈಯನ್ನೂ ಚಾಚಿದಳು ಎನ್ನುತ್ತಾರೆ.

ಅಂದಿನಿಂದ ಈ ಗುಡ್ಡದ ಮೇಲೆ ಯಾರೂ ಒಲೆ ಹೂಡುವುದಿಲ್ಲ. ಹತ್ತಿ ಬಂದವರಿಗೆ ಊರ ಹೆಂಗಸರು ನೆನೆಯಕ್ಕಿ, ಬೆಲ್ಲ ಹಂಚುತ್ತಾರೆ; ಚಾರಣಿಗರು ಮರುಮಾತಿಲ್ಲದೆ ತಿನ್ನುತ್ತಾರೆ. ಮದುವೆ ವಯಸ್ಸಿನ ಮಗನನ್ನು ಕರೆತಂದ ತಾಯಂದಿರು ಮಾತ್ರ, ಕೊಡುವವಳ ಹಿಂದೆ ಹೆಣ್ಣುಮಗಳು ಯಾರಾದರೂ ನಿಂತಿದ್ದಾಳೆಯೇ ಎಂದು ಇಣುಕಿ ನೋಡಿಕೊಂಡೇ ಕೈ ಒಡ್ಡುತ್ತಾರೆ.