ಘಾಟೇ ಬರ್ಲಿಲ್ಲ ಸಾರ್

ಮೈಸೂರಲ್ಲಿ ಒಂದು ವಿಮೆ ಆಫೀಸು. ಕೆಲವು ದಿನ ಆಫೀಸಿಗೆ ಬರೋದು, ಮಿಕ್ಕ ದಿನ ಮನೆಯಿಂದ್ಲೇ ಕೆಲಸ. ಅಲ್ಲಿನ ಮ್ಯಾನೇಜರ್ ಚಂದ್ರಹಾಸರು, ದೂರ ಕೂತಿರೋ ಸಿಬ್ಬಂದಿ ಜೊತೆ ಹೆಂಗಿರಬೇಕು ಅಂತ ದೊಡ್ಡ ಹೋಟ್ಲಲ್ಲಿ ತರಬೇತಿ ಮುಗಿಸ್ಕೊಂಡು ಬಂದ್ರು. ತಲೇಲಿ ಉಳಿದಿದ್ದು ಒಂದೇ, ಜನರ ಮೇಲೆ ಕಣ್ಣಿರಬೇಕು.

"ಮನೆಯಿಂದ ಕೆಲಸ ಮಾಡೋವಾಗ ದಿನವಿಡೀ ಕ್ಯಾಮೆರಾ ಆನ್ ಇರ್ಲಿ. ಆಫ್ ಮಾಡಿದೋರು ದಿನಾ ಆಫೀಸಿಗೇ ಬನ್ನಿ."

ಗುಮಾಸ್ತೆ ನಾಗವೇಣಿಗೆ ಮನೇಲಿ ಎಳೆ ಕೂಸು, ದಿನಾ ನೋಡ್ಕೊಳ್ಳೋಕೆ ಇನ್ಯಾರೂ ಇಲ್ಲ. ಅದಕ್ಕೇ "ಆಗ್ಲಿ ಸಾರ್" ಅಂದ್ಲು.

ಮಧ್ಯಾಹ್ನ ಕ್ಯಾಮೆರಾ ಮುಂದೇನೇ ಕೂಸಿಗೆ ರಾಗಿ ಸರಿ ತಿನ್ನಿಸಿದ್ಲು. ಆಮೇಲೆ ಉಪ್ಪು, ಮೆಣಸಿನಕಾಯಿ ಹಿಡಿದು ನಿವಾಳಿಸಿದ್ಲು. "ನಾಯಿ ಕಣ್ಣು, ನರಿ ಕಣ್ಣು, ಮ್ಯಾನೇಜರ್ ಸಾಹೇಬ್ರ ಕಣ್ಣು..."

"ಏನಮ್ಮಾ ಇದು?" ಅಂದ್ರು ಅವತ್ತು ತಮ್ಮ ಮನೆಯಿಂದ್ಲೇ ನೋಡ್ತಿದ್ದ ಸಾಹೇಬ್ರು.

"ತಪ್ಪು ತಿಳೀಬೇಡಿ ಸಾರ್. ಕೂಸು ಉಣ್ಣೋವಾಗ ಇಷ್ಟೊತ್ತು ಯಾರೂ ನೋಡಿರ್ಲಿಲ್ಲ." ಎಲ್ಲಾನೂ ಸಾಂಬ್ರಾಣಿ ಕೆಂಡಕ್ಕೆ ಸುರಿದ್ಲು. "ಅಯ್ಯೋ, ಘಾಟೇ ಬರ್ಲಿಲ್ಲ ಸಾರ್. ದೃಷ್ಟಿ ಭಾರಿ ತಾಗಿದೆ."

ಆ ಘಾಟಿಗೆ ಚಾಮುಂಡಿ ಬೆಟ್ಟದ ಕೋತಿಗಳೂ ಸೀನಿದ್ವು! ಆದ್ರೆ ಪರದೇಲಿ ವಾಸನೆ ಬರುತ್ತಾ? ಅವಳ ಕಣ್ಣಲ್ಲಿ ಕಾವೇರಿ ಹರೀತಿತ್ತು. ಸಾಹೇಬ್ರು ಅಳು ಅನ್ಕೊಂಡ್ರು.

ಅವರ ಬೆನ್ನ ಹಿಂದಿಂದ ಹೆಂಡ್ತಿ ದನಿ ಬಂತು. "ರೀ, ಉಣ್ಣೋ ಕೂಸಿನ ಮೇಲೆ ಕಣ್ಣು ಹಾಕೋಕಾ ಅಷ್ಟು ದೂರ ಹೋಗಿ ಕಲ್ತು ಬಂದ್ರಿ?"

ಮೊದ್ಲು ಆಫ್ ಆಗಿದ್ದು ಸಾಹೇಬ್ರ ಕ್ಯಾಮೆರಾ. ಆ ಕತ್ತಲೆಯಿಂದ ಮೆತ್ತಗೆ ಮಾತು ಬಂತು. "ಇನ್ಮೇಲೆ ಯಾರೂ ಕ್ಯಾಮೆರಾ ಹಾಕ್ಬೇಡಿ. ನಾಗವೇಣಿ, ಕೂಸು ಹೆಂಗಿದೆಯಮ್ಮಾ?"

ನಾಗವೇಣಿ ಅಲ್ಲಿವರೆಗೂ ತಡೆದಿಟ್ಟಿದ್ದ ಕೆಮ್ಮನ್ನೆಲ್ಲ ಕೆಮ್ಮಿದ್ಲು.

"ಈಗ ಘಾಟು ಬಂತು ಸಾರ್."