ಗಂಡನ ಹೆಸರು ಕೇಳಿದ ದಾದಿ

"ಸಿಸ್ಟರ್, ತಲೆಯೊಳಗೆ ಒಡೆದ ರಕ್ತನಾಳಕ್ಕೆ ಕ್ಲಿಪ್ ಹಾಕಿ ಏಳು ದಿನವಾಯಿತು. ರಕ್ತ ನಿಂತಿದೆ. ಆದರೂ ಆ ಅಜ್ಜನನ್ನು ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸುವುದೇಕೆ? ಮಲಗಲು ಬಿಡವ್ವ ಎಂದು ಕೈ ಮುಗಿಯುತ್ತಾರೆ."

ಕೇಳಿದವಳು ಶಿವಲೀಲಾ, ಮೆದುಳಿನ ವಾರ್ಡಿಗೆ ಹೊಸದಾಗಿ ಬಂದ ದಾದಿ. ಮಾರ್ತಾ ಸಿಸ್ಟರ್‌ಗೆ ಆ ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ. ಅವರು ಬಾತ ಕಾಲನ್ನು ಚಪ್ಪಲಿಯಿಂದ ಬಿಡಿಸಿ ಸ್ಟೂಲಿನ ಮೇಲೆ ಕುಳಿತರು.

"ನನಗೂ ಸಾಕಾಗಿದೆ. ಕೇಳು. ಒಬ್ಬ ಕುಂಬಾರನ ಹೆಂಡತಿಗೆ ಇದೇ ಕಾಯಿಲೆ ಬಂತು. ವೈದ್ಯರು ಉಳಿಸಿದರು. ಗಂಡಾಂತರ ಕಳೆಯಿತೆಂದು ಮನೆಯವರು ಪೇಡೆ ಹಂಚಿದರು. ಕಳೆಯುವುದೆಲ್ಲಿ ಬಂತು? ಚೆಲ್ಲಿದ ರಕ್ತ ಒಳಗೇ ಉಳಿದಿರುತ್ತದೆ. ಅದು ತಾಗಿ ಎರಡು ವಾರದೊಳಗೆ ಒಳ್ಳೆಯ ನಾಳಗಳೂ ಸೆಟೆದು ಕಿರಿದಾಗಬಹುದು. ಆಗ ಮೆದುಳಿಗೆ ರಕ್ತ ಸಾಲದು. ಮಾತಿನಲ್ಲೋ ಕೈಯಲ್ಲೋ ಮೊದಲು ಗೊತ್ತಾಗುತ್ತದೆ. ಕೂಡಲೇ ಹಿಡಿದರೆ ಉಳಿಸಿಕೊಳ್ಳುವ ದಾರಿ ಇರುತ್ತದೆ. ತಡವಾದರೆ ಹೋದದ್ದು ಹೋಯಿತು.

"ಅವಳನ್ನು ನೋಡಿಕೊಳ್ಳುತ್ತಿದ್ದ ದಾದಿ ಕೆಟ್ಟವಳಲ್ಲ, ದಣಿದವಳು. ಹೆಸರು ಕೇಳು, ಊರು ಕೇಳು, ಎರಡೂ ಕೈ ಎತ್ತಿಸು. ದಿನಕ್ಕೆ ಎಷ್ಟು ಸಲ! ಒಮ್ಮೆ ತಮಾಷೆಗೆ ಗಂಡನ ಹೆಸರು ಕೇಳಿದಳು. ಆ ಹೆಂಗಸು ಗಂಡನ ಹೆಸರು ಹೇಳುವವಳಲ್ಲ. ಮುಖಕ್ಕೆ ಸೆರಗು ಎಳೆದುಕೊಂಡು ನಕ್ಕಳು. ನಾಚುವಷ್ಟು ಬುದ್ಧಿ ನೆಟ್ಟಗಿದೆ ಎಂದು ದಾದಿ 'ಸರಿಯಿದ್ದಾಳೆ' ಎಂದು ಬರೆದಳು. ಆಮೇಲೆ ಅದೊಂದೇ ಪ್ರಶ್ನೆ ಉಳಿಯಿತು. ಕೈ ಎತ್ತಿಸುವುದೂ ನಿಂತಿತು.

"ಒಂಬತ್ತನೆಯ ದಿನ ಮಧ್ಯಾಹ್ನ ದಾದಿ ಅದನ್ನೇ ಕೇಳಿದಳು. ಹೆಂಗಸು ಎಡಗೈಯಿಂದ ಸೆರಗು ಎಳೆದುಕೊಂಡಳು. ಮಾತಿಲ್ಲ. ದಾದಿ ಇನ್ನೊಮ್ಮೆ ಕೇಳಲು ಹೋದರೆ ಕುಂಬಾರನೇ ನಕ್ಕ. 'ಬಿಡ್ರಿ ಅಕ್ಕಾರ, ಇಪ್ಪತ್ತು ವರ್ಷದಾಗ ಒಮ್ಮೆನೂ ಹೇಳಿಲ್ಲ, ಇವತ್ತು ಹೇಳ್ತಾಳೇನು?'

"'ಸರಿಯಿದ್ದಾಳೆ' ಎಂದು ದಾದಿ ಬರೆದಳು. ಮುಂದಿನ ಗಂಟೆಯೂ ಬರೆದಳು. ಅದರ ಮುಂದಿನ ಗಂಟೆಯೂ ಬರೆದಳು. ಸಂಜೆ ವೈದ್ಯರು ಬಂದು ಕೈ ಎತ್ತು ಅಂದಾಗ ಬಲಗೈ ಏಳಲಿಲ್ಲ. ಓಡಾಡಿದರು, ಔಷಧ ಕೊಟ್ಟರು, ಮಾಡುವುದನ್ನೆಲ್ಲ ಮಾಡಿದರು. ಜೀವ ಉಳಿಯಿತು. ಮಾತು ಹೋಯಿತು.

"ಈಗ ಕುಂಬಾರ ದಿನಾ ಅವಳ ಮುಂದೆ ಕೂತು ತನ್ನ ಹೆಸರನ್ನು ತಾನೇ ಹೇಳಿಕೊಡುತ್ತಾನಂತೆ. ನನ್ನ ಹೆಸರು ಒಂದ್ಸಲ ಅನ್ನು ಮಾರಾಯ್ತಿ, ಯಾರೂ ನಗೂದಿಲ್ಲ ಅನ್ನುತ್ತಾನಂತೆ. ಅವಳು ಅವನ ಬಾಯಿಯನ್ನೇ ನೋಡುತ್ತಾಳೆ. ನನಗೆ ಅದನ್ನು ನೆನೆದರೆ ಊಟ ಸೇರುವುದಿಲ್ಲ."

ಶಿವಲೀಲಾ ಗಡಿಯಾರ ನೋಡಿದಳು. ಗಂಟೆಯಾಗಿತ್ತು. "ಅಜ್ಜ ಈಗಷ್ಟೇ ಕಣ್ಣು ಮುಚ್ಚಿದ್ದಾರೆ, ಸಿಸ್ಟರ್. ಎಬ್ಬಿಸಿದರೆ ಬೈಯುತ್ತಾರೆ."

ಮಾರ್ತಾ ಸಿಸ್ಟರ್ ಚಪ್ಪಲಿಗೆ ಕಾಲು ತೂರಿಸುತ್ತ ಹೇಳಿದರು:

"ಬೈಯಲಿ, ಪೂರ್ತಿ ಬೈಸಿಕೊಂಡು ಬಾ, ಬೈಯುವಷ್ಟು ಮಾತು ಇನ್ನೂ ಇದೆ ಎಂದು ಬರೆಯೋಣ."